ಕೆಳಮನೆಯ ಕೋಲು

ಭಾನುವಾರ ಆರ್ಕೆಸ್ಟ್ರಾ ತಂಡಕ್ಕೆ ವಾದಕರ ಆಯ್ಕೆಯಿತ್ತು. ರಾಕ್, ಬ್ಲೂಸ್, ಜಾಝ್ ಮೂರೂ ಶೈಲಿಗಳಲ್ಲಿ ಒಬ್ಬನೇ ಗಿಟಾರ್ ಸೋಲೋ ನುಡಿಸಿ ತೋರಿಸಿದರೆ ಸಂಪತ್‌ಗೆ ಕೆಲಸ ಸಿಕ್ಕಂತೆಯೇ. ಆದರೆ ಮಹಡಿ ಮನೆಯಲ್ಲಿ ಅವನು ಸೋಲೋ ಶುರು ಮಾಡುವುದೇ ತಡ, ಕೆಳಗಿನಿಂದ ಮನೆ ಒಡತಿ ತುಂಗಮ್ಮ ಕೋಲು ಹಿಡಿದು ಚಾವಣಿ ಕುಟ್ಟುತ್ತಿದ್ದರು.

ರಾಕ್ ಗಲಾಟೆಯಾಯಿತೇನೋ ಎಂದು ನಿಧಾನಗತಿಯ ಬ್ಲೂಸ್‌ಗೆ ಇಳಿದ. ಕುಟ್ಟಿದರು. ತಂತಿಗೆ ನೋವಾಗದ ಹಾಗೆ ಜಾಝ್ ನುಡಿಸಿದ. ಆಗಲೂ ಕುಟ್ಟಿದರು.

ಶುಕ್ರವಾರ ಸಂಜೆ ಹೆದರುತ್ತಲೇ ಅರ್ಧ ಕೆಜಿ ಮೈಸೂರು ಪಾಕ್ ಹಿಡಿದು ಕೆಳಗಿಳಿದ.

“ತಪ್ಪಾಯ್ತು ಅಮ್ಮ. ಇನ್ನು ಗಿಟಾರ್ ಮುಟ್ಟಲ್ಲ. ಮನೆ ಮಾತ್ರ ಖಾಲಿ ಮಾಡಿಸಬೇಡಿ.”

“ಖಾಲಿ ಮಾಡು ಅಂತ ಯಾರಪ್ಪ ಹೇಳಿದ್ದು? ಬೆರಳು ಎಷ್ಟು ಚುರುಕಾಗಿದೆ ನಿಂದು!”

“ಮತ್ತೆ ದಿನಾ ಕುಟ್ತೀರಲ್ಲ?”

ತುಂಗಮ್ಮ ಪೊಟ್ಟಣ ಬಿಚ್ಚಿ ಒಂದು ತುಂಡು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಚಪ್ಪರಿಸಿದರು.

“ನಾಟಕ ಕಂಪನೀಲಿ ಇಪ್ಪತ್ತು ವರ್ಷ ತಬಲಾ ನುಡಿಸಿದವಳು ನಾನು. ಸೋಲೋ ಬಂದ ಕೂಡಲೇ ನೀನು ಲಯ ಬಿಟ್ಟು ಓಡ್ತೀಯ ಕಣಪ್ಪ. ಕೇಳೋಕಾಗದೆ ತಾಳ ಹಾಕ್ತಾ ಇದ್ದೆ.”