ವಿದ್ಯಾವತಿಯ ಪಾಸ್‌ವರ್ಡ್

ವಿದ್ಯಾವತಿಯ ಉಪ್ಪಿನಕಾಯಿ ಅಂಗಡಿ ಹೆಣ ಇಡುವ ಪೆಟ್ಟಿಗೆಗೆ ಚಂದಾ ಎತ್ತುತ್ತಿದೆ ಎಂಬ ಸುದ್ದಿ ಇಂಡಿ ಊರಿನಲ್ಲಿ ಎಲ್ಲರಿಗಿಂತ ಕಡೆಗೆ ಗೊತ್ತಾದದ್ದು ವಿದ್ಯಾವತಿಗೆ. ಅದೂ ಪುಣೆಯ ವ್ಯಾಪಾರಿ ಬೈದು ಬರೆದ ಮೇಲೆ. ನೆಟ್ ಸೆಂಟರಿನ ಸಿದ್ದಾರೂಢ ಅವಳ ಅಂಗಡಿಯ ಆರ್ಕುಟ್ ಪುಟ ತೆರೆದು ಓದಿ ಹೇಳಿದ.

"ಬಾಟಲಿ ಫೋಟೋದ ಕೆಳಗ ನೀವ ಬರದೀರಿ, ಅಕ್ಕಾರ. ದುಡಿಯಾಕ ಹೋದ ಮಕ್ಕಳು ಬಂದು ಮಾರಿ ನೋಡೂತನಕಾ ಹೆಣ ಕೆಡಬಾರ್ದು, ಊರಿಗೊಂದು ಫ್ರೀಜರ್ ಪೆಟ್ಟಿಗಿ ಬೇಕು, ಕೈಲಾದಷ್ಟು ಕೊಡ್ರಿ ಅಂತ. ಅದಕ್ಕ ಪುಣೆದವ್ರು, ಅಂಗಡಿ ನಿಮ್ಮದು, ಬ್ಯಾಂಕಿನ ಖಾತೆ ಬ್ಯಾರೆದವರದು, ಇದು ಮೋಸ, ಖುಲಾಸೆ ಆಗೂತನಕಾ ಒಂದು ಬಾಟಲಿನೂ ಬ್ಯಾಡ ಅಂತ ಬರದಾರ."

ಅಂಗಡಿಯ ಅರ್ಧ ಸರಕು ಆ ಒಬ್ಬ ವ್ಯಾಪಾರಿಗೇ ಹೋಗುತ್ತಿತ್ತು. ವಿದ್ಯಾವತಿ ಸ್ಟೂಲಿನ ಮೇಲೆ ಕುಸಿದಳು. "ನಾ ಬರದಿಲ್ಲೋ ತಮ್ಮಾ!"

"ಪಾಸ್‌ವರ್ಡ್ ಯಾರಿಗೆ ಹೇಳೀರಿ?"

"ಅದು ನನಗ ಓದಾಕ ಬರೂದಿಲ್ಲ. ಮಂದಿಗೆ ಏನಂತ ಹೇಳ್ಲಿ?"

ಸಿದ್ದಾರೂಢ ಬಾಗಿಲಿಗೆ ಬಂದು, ದಿನಾ ಎದುರಿಗಿರುವ ಅವಳ ಅಂಗಡಿಯ ಬೋರ್ಡನ್ನು ಅವತ್ತು ಮೊದಲ ಸಲ ಓದಿದ. ಹಳದಿ ನೆಲದ ಮೇಲೆ ಕೆಂಪಕ್ಷರದಲ್ಲಿ ಅಂಗಡಿಯ ಹೆಸರು, ಫೋನ್ ನಂಬರು, ಇಮೇಲ್, ಅದರ ಕೆಳಗೆ ಇಂಗ್ಲಿಷಿನಲ್ಲಿ ಪಾಸ್‌ವರ್ಡ್. ಸುತ್ತ ಹೂಬಳ್ಳಿ. ಪುಟ ತೆರೆದ ದಿನ ಅವನೇ ಬರೆದುಕೊಟ್ಟ ಚೀಟಿಯನ್ನು ಅವಳು ಹಾಗೇ ಪೇಂಟರ್ ಮುರ್ತುಜಾಸಾಬನ ಕೈಗಿಟ್ಟಿದ್ದಳು. ಯುಗಾದಿಯಿಂದೀಚೆಗೆ ದಿನಾ ಬೆಳಿಗ್ಗೆ ಆ ಬೋರ್ಡಿಗೆ ಊದುಬತ್ತಿ ಬೆಳಗುತ್ತಿದ್ದಳು.

"ಚೀಟ್ಯಾಗಿಂದು ಒಂದಕ್ಷರ ಬಿಟ್ಟಿಲ್ರಿ," ಎಂದ ಮುರ್ತುಜಾಸಾಬ, ಕೇಳಿದ್ದಕ್ಕೆ ನೋವಾದವನಂತೆ. "ಹೂಬಳ್ಳಿ ಬ್ಯಾರೆ ಫುಕಟ್ ಹಾಕಿಕೊಟ್ಟೇನಿ."

ಬ್ಯಾಂಕಿನ ಖಾತೆ ಸ್ಮಶಾನ ಕಮಿಟಿಯ ಹಿರಿಯ ಬಸಂತರಾಯರದು. ಅವರು ಜೋಕಾಲಿಯಲ್ಲಿ ಕೂತು ಬಸಿಯಿಂದ ಚಹಾ ಹೀರುತ್ತಿದ್ದರು. ಮುಖದಲ್ಲಿ ಕಳ್ಳತನದ ಗಾಳಿಯೂ ಇರಲಿಲ್ಲ.

"ಬ್ಯಾಸಗ್ಯಾಗ ಅಂಗಡಿ ಮುಂದ ನೀರಿನ ಗಡಗಿ ಇಟ್ಟು ಮ್ಯಾಲೊಂದು ಗಿಲಾಸ ಇಡ್ತಾರ. ಹಾದ್ಯಾಗ ಹೋಗಾವ್ರು ಕೇಳಿ ಕುಡೀತಾರೇನವಾ? ನೀ ಪಾಸ್‌ವರ್ಡ್ ಇಟ್ಟಿದ್ದಿ. ಧರ್ಮಕ್ಕ ಇಟ್ಟಾಳ ಅಂತ ತಿಳಕೊಂಡ್ವಿ. ಊರಾಗ ನಿನ್ನ ಹೆಸರು ಎಷ್ಟು ದೊಡ್ಡದಾಗೈತಿ ಗೊತ್ತೈತೇನು?"

"ನನ್ನ ಹೆಸರಿಲೆ ಹೆಣದ ಚಂದಾ ಎತ್ತೀರಲ್ರೀ ಕಾಕಾರ!"

"ನಿನ್ನ ಗಿರಾಕಿಗೋಳು ಕೊಟ್ಟಷ್ಟು ಯಾರೂ ಕೊಟ್ಟಿಲ್ಲ. ಉಪ್ಪು ತಿಂದಾರಲ್ಲ!"

ವಿದ್ಯಾವತಿ ತಿರುಗಿ ನೆಟ್ ಸೆಂಟರಿಗೆ ಹೋದಳು. ಹಳೆಯ ಪಾಸ್‌ವರ್ಡ್ ತೆಗೆಸಿ, ಸಿದ್ದಾರೂಢನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ತನಗೆ ತಿಳಿಯುವ ಅಂಕಿಗಳನ್ನು ತಾನೇ ಒತ್ತಿದಳು. ಮರುದಿನವೇ ಊರು ಅವಳಿಗೆ 'ಗಡಗಿ ಬೋರಲ ಹಾಕಿದಾಕಿ' ಎಂದು ಹೆಸರಿಟ್ಟಿತು. ಬೋರ್ಡು ನೋಡಿ ಊರೆಲ್ಲ ಆ ಪುಟವನ್ನೇ ಬಳಸುತ್ತಿತ್ತು; ಈಗ ಅದರೊಳಗೆ ಯಾರದೋ ಗೋವಾದ ಮಗನ ಮಾತು ಅರ್ಧಕ್ಕೇ ನಿಂತಿತ್ತು, ಯಾರದೋ ಲಗ್ನದ ಫೋಟೋ ಸಿಕ್ಕಿಬಿದ್ದಿತ್ತು. ಹೆಂಗಸರು ಬಂದು ಭರಣಿ ಮೂಸಿ, ಏನೂ ಕೊಳ್ಳದೆ ಹೋಗತೊಡಗಿದರು.

ಅಷ್ಟರಲ್ಲಿ ಪೆಟ್ಟಿಗೆ ಬಂತು. ಉದ್ದಕ್ಕೆ ಗಾಜಿನ ಮುಚ್ಚಳ, ಹೊಳೆಯುವ ಹಿಡಿಕೆ. ಅದರ ಫೋಟೋ ಹಾಕಿಸಿದರೆ ಪುಣೆಯಿಂದ ಉತ್ತರ: ಖಾಲಿ ಪೆಟ್ಟಿಗೆಯ ಫೋಟೋ ಯಾರು ಬೇಕಾದರೂ ತೆಗೆಯಬಹುದು. ನಿಮ್ಮ ಅಂಗಡಿಯ ಮುಂದೆ, ಒಳಗೆ ಮನುಷ್ಯರಿರುವುದು ತೋರಿಸಿ.

ಆ ವಾರ ಇಂಡಿಯಲ್ಲಿ ಯಾರೂ ಸಾಯಲಿಲ್ಲ. ಬಸಂತರಾಯರು ಒಂದೆರಡು ಮನೆಗೆ ಹೋಗಿ ಆರೋಗ್ಯ ವಿಚಾರಿಸಿಕೊಂಡೂ ಬಂದರು.

"ಹಂಗಾರ ನೀವ ಮಲಗ್ರಿ, ಕಾಕಾರ."

"ನನ್ನ ವಯಸ್ಸಿಗೆ ಒಳಗ ಹೋದ್ರ ತಗ್ಯಾಕ ಯಾರೂ ಗಡಬಡಿ ಮಾಡೂದಿಲ್ಲವಾ."

ಅಂಗಡಿ ಉಳಿಯಬೇಕಿತ್ತು. ವಿದ್ಯಾವತಿ ಕಾಲು ತೊಳೆದು ಬಂದಳು. "ಮಲಗ್ತೇನಿ. ಆದ್ರ ಫೋಟೋ ನನ್ನ ಕೈಲೆ ಹೋಗಬೇಕು. ಪಾಸ್‌ವರ್ಡ್ ಯಾರಿಗೂ ಇಲ್ಲ."

"ಆತೇಳವಾ," ಎಂದರು ಬಸಂತರಾಯರು, ಬಹಳ ಬೇಗ.

ನಡುಮಧ್ಯಾಹ್ನ ರಸ್ತೆಯ ಮೇಲೆ ಪೆಟ್ಟಿಗೆ ಇಟ್ಟು ಅಂಗಡಿಯಿಂದ ವೈರು ಎಳೆದರು. ಅವಳು ಸೆರಗು ಬಿಗಿದುಕೊಂಡು ಎದೆಯ ಮೇಲೊಂದು ಬಾಟಲಿ ಹಿಡಿದು ಮಲಗಿದಳು. "ಕಣ್ಣ ಮುಚ್ಚಬ್ಯಾಡ್ರಿ ಅಕ್ಕಾರ, ನಗ್ರಿ! ಇಲ್ಲಂದ್ರ ಪುಣೆದವ್ರು ಹೂವಿನ ಮಾಲಿ ಕಳಸ್ತಾರ," ಎಂದು ಸಿದ್ದಾರೂಢ ಕ್ಯಾಮೆರಾ ಎತ್ತಿದ. ಗಾಜು ಮುಚ್ಚಿತು. ಅವಳು ನಕ್ಕಳು. ಫೋಟೋ ಆಯಿತು.

ಗಾಜು ತೆರೆಯಲಿಲ್ಲ. ಬಸಂತರಾಯರು ಮುಚ್ಚಳದ ಮೇಲೆ ಎರಡೂ ಮೊಣಕೈ ಊರಿ ಬಾಗಿದರು. ಅವರ ಹಿಂದೆ ಗೋವಾದ ಮಗನ ತಾಯಿ, ಲಗ್ನದ ಫೋಟೋದವರು, ಅವರ ಹಿಂದೆ ಬಸ್ಸು ತಪ್ಪಿಸಿಕೊಂಡವರು. ಸ್ಮಶಾನಕ್ಕೆ ಇನ್ನು ತಗಡಿನ ಚಪ್ಪರ ಆಗಬೇಕಿತ್ತು, ಅದಕ್ಕೂ ಚಂದಾ ಎತ್ತಬೇಕಿತ್ತು. ರಾಯರ ತುಟಿಗಳು ಗಾಜಿನಾಚೆ ದೊಡ್ಡದಾಗಿ, ನಿಧಾನವಾಗಿ ಅರಳಿದವು: ಪಾಸ್‌ವರ್ಡ್. ಎಲ್ಲರ ತುಟಿಗಳೂ ಹಾಗೇ ಅರಳಿದವು. ಒಳಗೆ ಮಾತ್ರ ಯಾವ ದನಿಯೂ ಕೇಳಿಸುತ್ತಿರಲಿಲ್ಲ.

ಅವಳು ಒಮ್ಮೆ ಗಾಜು ಬಡಿದಳು. ಇನ್ನೊಮ್ಮೆ ಬಡಿಯಲು ಎತ್ತಿದ ಕೈ ಅಲ್ಲೇ ನಿಂತಿತು. ಅಂಗಾಲಿನಿಂದ ತಂಪು ಏರುತ್ತಿತ್ತು, ಮೀನಗಂಡ ದಾಟಿ ಮೊಣಕಾಲಿಗೆ. ಹೊರಗೆ ಬಿಸಿಲು ಬಸಂತರಾಯರ ಟೊಪ್ಪಿಗೆಯ ಮೇಲೆ ಕುದಿಯುತ್ತಿತ್ತು. ಅವರ ಮೂಗಿನ ತುದಿಯ ಬೆವರ ಹನಿ ಅವಳ ಹಣೆಗೆ ಸರಿಯಾಗಿ ಗಾಜಿನ ಮೇಲೆ ಬಿತ್ತು, ಇನ್ನೊಂದು ಬಿತ್ತು.

ವಿದ್ಯಾವತಿ ಬಾಟಲಿಯನ್ನು ಬದಿಗೆ ಸರಿಸಿ, ಕೈಯನ್ನೇ ತಲೆದಿಂಬು ಮಾಡಿಕೊಂಡು ಮಗ್ಗಲು ತಿರುಗಿದಳು.