ಒಂದು ಬಟ್ಟಲು ಮದ್ದು

ದಂಡಿನ ಇಂಗ್ಲಿಷ್ ದೊರೆ ಕರಡಿ ಬೇಟೆಗೆಂದು ಕುರುಗೋಡಿಗೆ ಹೊರಟುಹೋಗಿ ಒಂದು ತಾಸಾಗಿತ್ತು. ಬಳ್ಳಾರಿಯ ಕೌಲ್ ಬಜಾರಿನ ತನ್ನ ಪಡಸಾಲೆಯಲ್ಲಿ ಸಾಮಾನು ಎತ್ತಿಡುತ್ತಿದ್ದ ಬಂದೂಕು ಕೆಲಸದ ದಸ್ತಗೀರಸಾಬನ ಕೈ ಗಕ್ಕನೆ ನಿಂತಿತು. ಸೀಸದ ಗಟ್ಟಿಯ ಮರೆಯಲ್ಲಿ ಒಂದು ಹಿತ್ತಾಳೆ ಬಟ್ಟಲು. ಅದರ ತುಂಬ ಬಂದೂಕಿನ ಕರಿ ಮದ್ದು.

ಆರು ಕಾಡತೂಸಿಗೆ ಆರು ಬಟ್ಟಲು ಮದ್ದು. ಅಳೆದು ಸಾಲಾಗಿ ಇಟ್ಟವನು ಅವನೇ. ಒಂದು ಇಲ್ಲೇ ಉಳಿದಿದೆ ಎಂದರೆ ದೊರೆ ಒಯ್ದ ಆರರಲ್ಲಿ ಒಂದಕ್ಕೆ ಮದ್ದೇ ಬಿದ್ದಿಲ್ಲ. ಗುಂಡು ಕೂರಿಸಿ ಬಾಯಿ ಬಿಗಿದ ಮೇಲೆ ಅದು ಯಾವುದೆಂದು ನೋಡಿ ಹೇಳುವಂತಿರಲಿಲ್ಲ.

"ದೊರಿ ಬಂದೂಕಿಗೆ ಎರಡು ನಳಿಗಿ ಅದಾವಲ್ರೀ," ಎಂದಳು ಹೆಂಡತಿ ಬಾನುಬೀ. "ಒಂದು ಹಾರಲಿಲ್ಲಂದ್ರ ಇನ್ನೊಂದು ಐತಿ."

"ದೊರಿ ದೂರ ಕಲ್ಲಬಂಡಿ ಹಿಂದ ನಿಂದರ್ತಾನ. ಗವಿ ಬಾಯಾಗ ನಿಂದ್ರಾಂವ ಓಬಣ್ಣ."

ಓಬಣ್ಣ ಕುರುಗೋಡಿನ ಬೇಟೆಗಾರ. ಗವಿಗೆ ಹೊಗೆ ಹಾಕಿ ಕರಡಿಯನ್ನು ಹೊರಗೆಬ್ಬಿಸುವುದು ಅವನ ಕೆಲಸ. ಊರೂರೇ ಹಸಿದು ಸತ್ತ ಧಾತು ಸಂವತ್ಸರದ ಬರದಲ್ಲಿ ಅವನೂ ದಸ್ತಗೀರನೂ ಒಂದೇ ಪರಿಯಾಣದಲ್ಲಿ ಗಂಜಿ ಕುಡಿದು ಉಳಿದವರು. ದಸ್ತಗೀರಸಾಬ ರುಮಾಲನ್ನೂ ಸರಿಯಾಗಿ ಸುತ್ತಿಕೊಳ್ಳದೆ, ತಕ್ಕಡಿ ಇಕ್ಕಳಗಳ ಚೀಲ ಹಿಡಿದು ಜಟಕಾ ಹತ್ತಿದ.

ದಾರಿಯುದ್ದಕ್ಕೂ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮೊನ್ನೆ ದೊರೆ ಎರಡು ಬಂದೂಕು ಮುಂದಿಟ್ಟು ಕರಡಿಗೆ ಯಾವುದು ಒಳ್ಳೆಯದೆಂದು ಕೇಳಿದ್ದ. ಸಣ್ಣ ನಳಿಗೆಯದಕ್ಕೆ ವಿಲಾಯತಿಯಿಂದ ಬಂದ ಹೊಸ ಕಾಡತೂಸು ಪೆಟ್ಟಿಗೆಗಟ್ಟಲೆ ಇದ್ದವು. ದೊಡ್ಡ ನಳಿಗೆಯದಕ್ಕೆ ಇದ್ದದ್ದು ಆರೇ ಆರು ಖಾಲಿ ಚಿಪ್ಪು. ಇವನೇ ಎದೆ ತಟ್ಟಿ ಹೇಳಿದ್ದ: "ದೊಡ್ಡದ ಒಯ್ರಿ ಸಾಹೇಬ್ರ. ಸಣ್ಣ ಗುಂಡು ಕರಡಿ ತೊಗಲಾಗ ಒಡದು ಚೂರಾಗತೈತಿ. ಸೀಸಕ್ಕ ತವರ ಬೆರಸಿ ನಾ ಗಟ್ಟಿ ಗುಂಡು ಎರದು ಕೊಡ್ತೀನಿ. ಅದು ಎಲುಬು ಮುರೀತೈತಿ."

ಕುರುಗೋಡಿನ ಗುಡ್ಡದ ಬುಡ ಮುಟ್ಟುವಾಗ ಹೊತ್ತು ಇಳಿಯತೊಡಗಿತ್ತು. ದೊರೆ ಹೊರಡಲು ಎದ್ದು ನಿಂತಿದ್ದ. ದಸ್ತಗೀರಸಾಬ ಏದುಸಿರು ಬಿಡುತ್ತಲೇ ಎಲ್ಲ ಹೇಳಿ, ಆರನ್ನೂ ಬಿಚ್ಚಿ ನೋಡುತ್ತೇನೆಂದು ಕೈಮುಗಿದ. ಇಲ್ಲವಾದರೆ ಇವತ್ತಿಗೆ ಸಣ್ಣ ಬಂದೂಕೇ ಸಾಕೆಂದ. ಅದರ ಗುಂಡು ಒಡೆಯುತ್ತದೆಂದು ಹೇಳಿದವನು ನೀನೇ ಅಲ್ಲವೇ ಎಂದು ದೊರೆ ಮುಖ ಕೆಂಪಗೆ ಮಾಡಿದ. ಬಿಚ್ಚುತ್ತ ಕೂತರೆ ಕರಡಿ ಗವಿ ಬಿಟ್ಟು ಹೋಗುತ್ತದೆ, ಕೆಟ್ಟದ್ದು ಯಾವುದೋ ಆರಿಸಿ ಬಿಸಾಡು ಎಂದು ಆರನ್ನೂ ಅವನ ಮುಂದೆ ಸುರಿದ.

ಬೀಸುವ ಗಾಳಿಗೆ ತಕ್ಕಡಿ ನಿಲ್ಲಲಿಲ್ಲ. ದಸ್ತಗೀರಸಾಬ ಒಂದೊಂದನ್ನೇ ಅಂಗೈಯಲ್ಲಿ ತೂಗಿ ನೋಡಿದ. ಗುಂಡಿನ ಭಾರದ ಮುಂದೆ ಒಂದು ಬಟ್ಟಲು ಮದ್ದಿನ ಭಾರ ಕೈಗೆ ಹತ್ತುವಂತಿರಲಿಲ್ಲ. ಎಲ್ಲವೂ ಒಮ್ಮೆ ಹಗುರ, ಒಮ್ಮೆ ಭಾರ. ದೊರೆ ಗಡಿಯಾರ ತೆಗೆದು ನೋಡಿದ. ದಸ್ತಗೀರಸಾಬ ಒಂದನ್ನು ಪಕ್ಕಕ್ಕಿಟ್ಟ.

ಓಬಣ್ಣ ಹತ್ತಿರ ಬಂದು ಕೂತ. "ಖರೇ ಹೇಳಲೇ ದಸ್ತಗೀರ, ಮದ್ದಿಲ್ಲದ್ದು ಇದ ಏನು?"

ಗೊತ್ತಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮೇಲೆ ನಿಂತ ದೊರೆಯ ಬೂಟು ನೆಲ ಕುಟ್ಟುತ್ತಿತ್ತು.

"ಇದ," ಎಂದ ದಸ್ತಗೀರಸಾಬ.

"ಹಂಗಾದ್ರ ಆತು." ಓಬಣ್ಣ ಸೊಪ್ಪಿನ ಹೊರೆ ಎತ್ತಿಕೊಂಡು ಗುಡ್ಡ ಹತ್ತಿದ. ಐದನ್ನು ಜೇಬಿಗೆ ಹಾಕಿಕೊಂಡು ದೊರೆ ಹಿಂದೆ ನಡೆದ.

ಅವರು ಬಂಡೆಗಳ ಮರೆಯಾಗುವುದೇ ತಡ, ದಸ್ತಗೀರಸಾಬ ಇಕ್ಕಳ ತೆಗೆದ. ಗುಂಡು ಬಿಗಿಯಾಗಿ ಕೂತಿತ್ತು. ಎರಡು ಸಲ ಇಕ್ಕಳ ಜಾರಿ ಬೆರಳು ಕೊಯ್ದಿತು. ಕೊನೆಗೂ ಗುಂಡು ಕಿತ್ತುಬಂತು. ಅದರ ಹಿಂದೆಯೇ ಕರಿ ಮದ್ದು ಸುರಸುರನೆ ಅವನ ತೊಡೆಯ ಮೇಲೆ ಸುರಿಯಿತು.

"ಓಬಣ್ಣಾ! ಇದಲ್ಲೋ! ಹಿಂದಕ ಬಾರೋ!"

ಕೂಗುತ್ತ, ಎಡವುತ್ತ ಹತ್ತಿದ. ಮೇಲೆ ಹೊಗೆ ಎದ್ದಿತ್ತು. ಕರಡಿಯ ಅಬ್ಬರ ಕೇಳಿತು. ಅದರ ಬೆನ್ನಿಗೇ ಒಣ ಕಡ್ಡಿ ಮುರಿದ ಹಾಗೆ 'ಚಟ್' ಎಂಬ ಸಣ್ಣ ಸದ್ದು. ಮನುಷ್ಯನೊಬ್ಬ ಚೀರಿದ. ಆಮೇಲೆ ಇಡೀ ಗುಡ್ಡ ಗುಡುಗಿತು.

ದಸ್ತಗೀರಸಾಬ ಗವಿ ಮುಟ್ಟಿದಾಗ ಕರಡಿ ಮಗುಚಿ ಬಿದ್ದಿತ್ತು. ದೊರೆ ಅದರ ಉಗುರು ಅಳೆಯುತ್ತಿದ್ದ. ಓಬಣ್ಣ ಬಂಡೆಗೆ ಒರಗಿ ಕೂತಿದ್ದ. ಎಡಗೈ ಮೊಣಕೈಯಿಂದ ಕೆಳಗೆ ಸೀಳಿಹೋಗಿತ್ತು. ದಸ್ತಗೀರಸಾಬ ರುಮಾಲು ಬಿಚ್ಚಿ ಸುತ್ತತೊಡಗಿದ. ಓಬಣ್ಣ ಕೈ ಎಳೆದುಕೊಳ್ಳಲಿಲ್ಲ.

"ತಪ್ಪಾತೋ. ಒಂದು ಬಟ್ಟಲು ಕಣ್ಣು ತಪ್ಪಿ ಉಳದುಬಿಡ್ತು," ಎಂದ ದಸ್ತಗೀರಸಾಬ.

"ಅದು ಯಾರಿಗಾದ್ರೂ ಆಗತೈತಿ. ಅದನ್ನ ನಾ ಇವತ್ತ ಮರೀತೀನಿ," ಎಂದ ಓಬಣ್ಣ. ರುಮಾಲಿನಲ್ಲಿ ಇಳಿಯುತ್ತಿದ್ದ ನೆತ್ತರನ್ನು ನೋಡುತ್ತಲೇ ಕೇಳಿದ: "ನಾ ಕೇಳಿದಾಗ 'ಇದ' ಅಂದ್ಯಲ್ಲ, ಅದನ್ನ ಹೆಂಗ ಮರೀಲಿ?"