ಹಲ್ಲಿನ ಕಡೆಯ ಬೆಂಚು

"ಹುಚ್ಚಿನ ಡಾಕ್ಟರ ಹತ್ತಿರ ಹೋಗಿದ್ದೆ ಅಂತ ನೀನೇ ಒಪ್ಕೊಳ್ತಿದ್ದೀಯಲ್ಲಮ್ಮ!" ಅಧಿಕಾರಿ ಹೊಟ್ಟೆ ಕುಲುಕಿಸಿ ನಕ್ಕರು. ಕ್ಷಿಪಣಿ ಕೇಂದ್ರದ ರಹಸ್ಯ ವಿಭಾಗಕ್ಕೆ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ತೀರ್ಮಾನಿಸುವವರು ಅವರೇ.

"ಅಪ್ಪ ತೀರಿಕೊಂಡ ಮೇಲೆ ನಿದ್ದೆ ಬರ್ತಿರಲಿಲ್ಲ ಸರ್," ಎಂದಳು ಅಲ್ಲಿನ ಕೆಲಸಕ್ಕೆ ಅರ್ಜಿ ಹಾಕಿ ಎದುರಿಗೆ ಕೂತಿದ್ದ ಹುಡುಗಿ. "ಸ್ವಲ್ಪ ದಿನ ಮಾತ್ರೆ ತಗೊಂಡೆ. ವಾಸಿಯಾಯ್ತು."

"ಅಂಥವರ ಹೊಸ್ತಿಲು ತುಳಿದವರ ಬಾಯಲ್ಲಿ ಗುಟ್ಟು ನಿಲ್ಲಲ್ಲಮ್ಮ. ಎಷ್ಟು ಜನರನ್ನ ವಾಪಸ್ ಕಳಿಸಿದ್ದೀನಿ ಗೊತ್ತಾ? ಎಲ್ಲಿದೆ ಆ ಕ್ಲಿನಿಕ್ಕು?"

"ಬಸ್ ಸ್ಟ್ಯಾಂಡ್ ಹಿಂದೆ ಸರ್. ಹಲ್ಲಿನ ಡಾಕ್ಟರಿಗೂ ನಮ್ಮ ಡಾಕ್ಟರಿಗೂ ಒಂದೇ ಹಾಲ್. ನಾಚಿಕೆಪಡೋರು ಹಲ್ಲಿನ ಕಡೆಯ ಬೆಂಚಲ್ಲಿ ಕೆನ್ನೆ ಹಿಡ್ಕೊಂಡು ಕೂತಿರ್ತಾರೆ. ಕಾಂಪೌಂಡರ್ ಸನ್ನೆ ಮಾಡಿದ ತಕ್ಷಣ ಎದ್ದು ನಮ್ಮ ಬಾಗಿಲಿಗೆ ನುಗ್ತಾರೆ."

ಅಧಿಕಾರಿಯ ನಗು ನಿಂತಿತು. ಕನ್ನಡಕ ತೆಗೆದು ಒರೆಸಿಕೊಂಡರು.

"ಅಲ್ಲಿ... ಯಾರನ್ನಾದರೂ ನೋಡಿದ್ಯಾ?"

"ಒಬ್ಬರು ಪ್ರತಿ ಶನಿವಾರ ಕೆನ್ನೆಗೆ ಕರ್ಚೀಫ್ ಒತ್ಕೊಂಡು ನನ್ನ ಎದುರೇ ಕೂರ್ತಿದ್ದರು. ಇವತ್ತಿನವರೆಗೂ ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ."

ಅವಳು ಚೀಲ ಹೆಗಲಿಗೇರಿಸಿಕೊಂಡು ಎದ್ದು ನಿಂತಳು.

"ಹಲ್ಲುನೋವು ಈಗ ಹೇಗಿದೆ ಸರ್?"